ಬೆಳಕಿನ ಪಾಠ ಗೆಲ್ಲಲು ಆರು ಸೂತ್ರ

ತೋವಿನಕೆರೆ ಸುತ್ತಿನ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳೇ, ಕಿರಣಚಿತ್ರಗಳನ್ನು ಉರುಹೊಡೆದವರಿಗೆ ಪ್ರಶ್ನೆ ಸ್ವಲ್ಪ ತಿರುಗಿ ಬಂದರೂ ಕೈಕಾಲು ಆಡುವುದಿಲ್ಲ. ವಸ್ತುವಿನ ಮೇಲೆ ಬಿದ್ದ ಬೆಳಕು ಏನಾಯಿತು ಎಂದು ಕೇಳಿಕೊಳ್ಳುವವರಿಗೆ ಅದೇ ಅಧ್ಯಾಯ ಸಲೀಸು.

1. ಬಿದ್ದ ಬೆಳಕಿನ ಲೆಕ್ಕ ಕೇಳಿ. ಹಿಂದಿರುಗಿತೇ, ಒಳಹೊಕ್ಕು ಬಾಗಿತೇ, ಚದುರಿತೇ, ವಸ್ತು ಅದನ್ನು ಹೀರಿಕೊಂಡಿತೇ? ಉತ್ತರ ಶುರುಮಾಡುವ ಮುನ್ನ ಇದನ್ನು ಪೆನ್ಸಿಲ್ಲಿನಲ್ಲಿ ಗುರುತಿಸಿ. ಹಲವು ಸಲ ಒಂದಕ್ಕಿಂತ ಹೆಚ್ಚು ನಡೆದಿರುತ್ತದೆ. ಹುಣಸೆ ಎಲೆ ಕೆಂಪು, ನೀಲಿಯನ್ನು ಹೆಚ್ಚು ಹೀರಿಕೊಂಡು ಹಸಿರನ್ನು ಹೆಚ್ಚು ಹಿಂದೆ ಕಳಿಸುತ್ತದೆ.

2. ವಕ್ರೀಭವನವನ್ನು ನೀರಿನಲ್ಲೇ ಕಲಿಯಿರಿ. ನೀರಿನ ವಕ್ರೀಭವನ ಸೂಚ್ಯಂಕ 1.33. ಹಾಗಾಗಿ ಮೇಲಿನಿಂದ ನೆಟ್ಟಗೆ ನೋಡಿದರೆ ನಾಲ್ಕು ಅಡಿ ಆಳ ಮೂರೇ ಅಡಿಯಂತೆ ಕಾಣುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಕೆರೆ, ಕೃಷಿಹೊಂಡದ ದಡದಲ್ಲಿ ಈಜು ಬಾರದವರು ಇದನ್ನು ಮರೆಯಲೇಬಾರದು. ಪ್ರಯೋಗಕ್ಕೆ ಬಕೆಟ್ಟು, ನಾಣ್ಯ ಸಾಕು.

3. ಮೊದಲು ಚಿಹ್ನೆ, ಆಮೇಲೆ ಸೂತ್ರ. ದರ್ಪಣದ ಸೂತ್ರದಲ್ಲಿ ಕೂಡು, ಮಸೂರದ ಸೂತ್ರದಲ್ಲಿ ಕಳೆ. ಸಂಗಮದೂರ ನಿಮ್ನಕ್ಕೆ ಋಣ, ಪೀನಕ್ಕೆ ಧನ, ದರ್ಪಣವಿರಲಿ, ಮಸೂರವಿರಲಿ.

4. ಕತ್ತಲ ಕೋಣೆಯಲ್ಲಿ ಸಂಜೆಯನ್ನು ತಂದುಕೊಳ್ಳಿ. ಗಾಜಿನ ಲೋಟದ ನೀರಿಗೆ ಕೆಲವೇ ಹನಿ ಹಾಲು ಹಾಕಿ ಟಾರ್ಚ್ ಬಿಡಿ. ಪಕ್ಕದಿಂದ ನೀರು ನಸುನೀಲಿ, ಟಾರ್ಚಿನ ಎದುರಿನಿಂದ ನೋಡಿದರೆ ಬೆಳಕು ಕಿತ್ತಳೆಗೆ ತಿರುಗಿರುತ್ತದೆ. ನೀಲಿ ಹೆಚ್ಚು ಚದುರುತ್ತದೆ ಎಂಬ ವಾಕ್ಯವನ್ನು ಇದಾದ ಮೇಲೆ ಬಾಯಿಪಾಠ ಮಾಡಬೇಕಿಲ್ಲ.

5. ಸಲಕರಣೆ ಇಲ್ಲವೆಂದು ಕೂರಬೇಡಿ. ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ 1928ರಲ್ಲಿ ಕಲ್ಕತ್ತಾದಲ್ಲಿ ಬಿಸಿಲು, ಬಣ್ಣದ ಗಾಜು, ಶುದ್ಧ ದ್ರವಗಳನ್ನು ಇಟ್ಟುಕೊಂಡು, ಚದುರಿದ ಬೆಳಕಿನಲ್ಲಿ ಸ್ವಲ್ಪ ಭಾಗದ ಬಣ್ಣವೇ ಬದಲಾಗುವುದನ್ನು ಕಣ್ಣಾರೆ ಕಂಡರು. ಅದೇ ವರ್ಷ ಮಾರ್ಚ್ 16ರಂದು ರಾಮನ್ ಅದನ್ನು ಬೆಂಗಳೂರಿನ ಉಪನ್ಯಾಸದಲ್ಲಿ ವಿವರಿಸಿದರು. 1930ರಲ್ಲಿ ನೊಬೆಲ್ ಬಂತು.

6. ಪಿಯುಸಿಯವರು ಪಾವಗಡ ನೋಡಿ. ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. ಬಯಲುಸೀಮೆಯ ಬಿಸಿಲು ಅಲ್ಲಿ ಫೋಟಾನುಗಳ ಲೆಕ್ಕವಾಗುತ್ತದೆ. ಒಂದು ಫೋಟಾನಿನ ಶಕ್ತಿ ಬೇಕೆಂದರೆ 1240ನ್ನು ನ್ಯಾನೊಮೀಟರಿನ ತರಂಗದೂರದಿಂದ ಭಾಗಿಸಿ, ಎಲೆಕ್ಟ್ರಾನ್ ವೋಲ್ಟಿನಲ್ಲಿ ಸಿಗುತ್ತದೆ. 700 ನ್ಯಾನೊಮೀಟರಿನ ಕೆಂಪು ಬೆಳಕಿಗೆ ಸುಮಾರು 1.8. ಪೊಟ್ಯಾಸಿಯಂನಿಂದ ಎಲೆಕ್ಟ್ರಾನ್ ಹೊರಬೀಳಲು 2.3 ಬೇಕು, ಕೆಂಪು ದೀಪ ಎಷ್ಟೇ ಪ್ರಖರವಾಗಿದ್ದರೂ ಆಗದು, ಮಂದ ನೀಲಿ ಸಾಕು. ಐನ್‌ಸ್ಟೈನ್ 1905ರಲ್ಲಿ ಬಿಡಿಸಿದ ಒಗಟು ಇದೇ. ಸಿಲಿಕಾನಿನಲ್ಲಿ ಎಲೆಕ್ಟ್ರಾನ್ ಹೊರಗೆ ಹಾರಬೇಕಿಲ್ಲ, ಒಳಗೇ ಬಿಡುಗಡೆಯಾದರೆ ಸಾಕು; ಅದಕ್ಕೆ 1.1 ಮಾತ್ರ. ಆದ್ದರಿಂದ ಕೆಂಪು ಬೆಳಕೂ ಅಲ್ಲಿ ದುಡಿಯುತ್ತದೆ. ನೀಲಿಯಲ್ಲಿ ಮಿಕ್ಕ ಶಕ್ತಿ ಶಾಖವಾಗುತ್ತದೆ, ಪ್ಯಾನೆಲ್ ಕಾದಷ್ಟೂ ವೋಲ್ಟೇಜ್ ಇಳಿಯುತ್ತದೆ. ದ್ಯುತಿವಿದ್ಯುತ್ ಪರಿಣಾಮಕ್ಕೂ ಸೌರಕೋಶಕ್ಕೂ ಇರುವ ಈ ವ್ಯತ್ಯಾಸ ಬಲ್ಲವರು ಪರೀಕ್ಷೆಯಲ್ಲಿ ಎಡವುವುದು ಕಡಿಮೆ.

ಈ ಸಲದ ಶಾಲಾ ಪ್ರವಾಸಕ್ಕೆ ತಿರುಮಣಿಯನ್ನೂ ಸೇರಿಸಿ ಎಂದು ನಿಮ್ಮ ಮೇಷ್ಟ್ರನ್ನು ಕೇಳಿ.