ಕಡತದ ಕಪ್ಪು, ಗರಿಯ ಬಿಳುಪು: ತೆರೆಯ ಮೇಲಿನ ಕನ್ನಡ ಓದು

ಇಂದು ‘ಕಡತ’ ಎಂದೊಡನೆ ನೆನಪಾಗುವುದು ಕಚೇರಿಯ ಫೈಲು. ಕನ್ನಡಕ್ಕೆ ಅಳವಡಿಸಿದ ತಂತ್ರಾಂಶಗಳಲ್ಲಿಯೂ ಇದೇ ಪದ ನಿಂತಿದೆ. ಮೂಲದಲ್ಲಿ ಕಡತವೆಂದರೆ ಕಪ್ಪು ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ವರ್ತಕರ ಲೆಕ್ಕಗಳೂ ಮಠಗಳ ದಾಖಲೆಗಳೂ ಹೀಗೆ ಕಪ್ಪಿನ ಮೇಲೆ ಬಿಳಿಯಾಗಿ ಉಳಿದುಬಂದಿವೆ. ಶೃಂಗೇರಿ ಮಠದ ಕಡತಗಳು ಇತಿಹಾಸದ ಅಭ್ಯಾಸಿಗಳಿಗೆ ಪರಿಚಿತವಾದವು. ತಾಳೆಗರಿಯ ರೀತಿ ಇದಕ್ಕೆ ವಿರುದ್ಧ. ಕಂಠದಿಂದ ಕೊರೆದ ಗೀರುಗಳಿಗೆ ಮಸಿ ತೀಡಿದಾಗ ತಿಳಿಬಣ್ಣದ ಗರಿಯ ಮೇಲೆ ಕಪ್ಪು ಅಕ್ಷರ ಮೂಡುತ್ತದೆ.

ಮೊಬೈಲಿನ ‘ಡಾರ್ಕ್ ಮೋಡ್’ ಮತ್ತು ‘ಲೈಟ್ ಮೋಡ್’ಗಳ ಚರ್ಚೆಯನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬಹುದು. ಮೊದಲ ಗಣಕ ತೆರೆಗಳಲ್ಲಿ ಕಪ್ಪಿನ ಮೇಲೆ ಹಸಿರು ಅಕ್ಷರಗಳಿರುವುದು ಸಾಮಾನ್ಯವಾಗಿತ್ತು. 1973ರ ಜೆರಾಕ್ಸ್ ಆಲ್ಟೊ ಯಂತ್ರ ತೆರೆಯನ್ನು ಕಾಗದದಂತೆ ಬೆಳ್ಳಗಾಗಿಸಿತು. 1984ರ ಮ್ಯಾಕಿಂಟಾಷ್ ಆ ರೂಪವನ್ನು ಜನರಿಗೆ ಮುಟ್ಟಿಸಿತು. 2019ರಲ್ಲಿ ಆಂಡ್ರಾಯ್ಡ್ 10 ಮತ್ತು ಐಒಎಸ್ 13 ಬಂದಾಗ ಕಪ್ಪು ಮತ್ತೆ ಆಯ್ಕೆಯಾಗಿ ಮರಳಿತು.

ಆದರೆ ಕಡತಕ್ಕೂ ತೆರೆಗೂ ಒಂದು ಮುಖ್ಯ ಭೇದವಿದೆ. ಕಡತ ತನ್ನ ಮೇಲೆ ಬಿದ್ದ ಬೆಳಕನ್ನು ಹಿಂದಿರುಗಿಸುತ್ತದೆ. ತೆರೆ ತಾನೇ ಬೆಳಗುತ್ತದೆ. ಬಿಳಿ ತೆರೆಯನ್ನು ನೋಡುವಾಗ ಕಣ್ಣಿನ ಪಾಪೆ ಕಿರಿದಾಗಿ ಅಕ್ಷರದ ಬಿಂಬ ಸ್ಪಷ್ಟವಾಗುತ್ತದೆ. ಕಪ್ಪು ತೆರೆಯಲ್ಲಿ ಪಾಪೆ ಹಿಗ್ಗಿ, ಅಂಚುಗಳು ಕೊಂಚ ಮಸುಕಾಗುತ್ತವೆ. 2013ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಕಿರಿಯರಿಗೂ ಹಿರಿಯರಿಗೂ ಬಿಳಿಯ ಮೇಲಿನ ಕಪ್ಪು ಅಕ್ಷರವೇ ಹೆಚ್ಚು ಅನುಕೂಲವೆಂದು ಕಂಡುಬಂದಿತು. ಆದರೆ ಕಣ್ಣಿನ ಪೊರೆಯಂಥ ತೊಂದರೆಯುಳ್ಳವರಿಗೆ ಬಿಳಿ ತೆರೆಯ ಬೆಳಕು ಕಣ್ಣೊಳಗೆ ಚದುರಿ ಓದನ್ನೇ ಮರೆಮಾಡುತ್ತದೆ. ಅಂಥವರಿಗೆ ಕಪ್ಪು ತೆರೆ ಅಲಂಕಾರವಲ್ಲ, ಓದುವ ದಾರಿ. ಆದ್ದರಿಂದ ತಂತ್ರಾಂಶವೊಂದು ಎರಡರಲ್ಲಿ ಒಂದನ್ನೇ ಹೇರುವುದು ಓದುಗರಲ್ಲಿ ಒಂದು ವರ್ಗವನ್ನು ಹೊರಗಿಟ್ಟಂತೆ.

ಕನ್ನಡ ಲಿಪಿಯ ಮಟ್ಟಿಗೆ ಇನ್ನೂ ಒಂದು ಸೂಕ್ಷ್ಮವಿದೆ. ದ-ಧ, ಪ-ಫ, ಬ-ಭ, ಡ-ಢ ಈ ಜೋಡಿಗಳನ್ನು ಬೇರ್ಪಡಿಸುವುದು ಅಕ್ಷರದ ಬುಡದ ಪುಟ್ಟದೊಂದು ಸೀಳು. ‘ಸ್ವಾತಂತ್ರ್ಯ’, ‘ರಾಷ್ಟ್ರ’ ಮುಂತಾದ ಪದಗಳಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಕುಗ್ಗಿ ಕುಳಿತಿರುತ್ತವೆ. ಕಡುಗಪ್ಪಿನ ಮೇಲೆ ಅಚ್ಚಬಿಳಿ ಅಕ್ಷರ ಹೊಳೆದಾಗ ಬೆಳಕು ಅಂಚಿನಾಚೆ ಹರಡಿದಂತೆ ತೋರುತ್ತದೆ. ಅಸ್ಟಿಗ್ಮ್ಯಾಟಿಸಂ ಇರುವ ಕಣ್ಣಿಗೆ ಇದು ಇನ್ನೂ ಹೆಚ್ಚು. ಆಗ ಮೊದಲು ಮುಚ್ಚಿಹೋಗುವುದು ಆ ಸೀಳುಗಳೇ. ಬಣ್ಣಗಳನ್ನು ಅದಲುಬದಲು ಮಾಡಿದ ಮಾತ್ರಕ್ಕೆ ಕನ್ನಡಕ್ಕೆ ಕಪ್ಪು ತೆರೆ ಒದಗಿತೆಂದು ಹೇಳಲಾಗದು. ಕಡುಗಪ್ಪಿಗೆ ಬದಲು ಗಾಢ ಬೂದು, ಅಚ್ಚಬಿಳಿಗೆ ಬದಲು ತುಸು ಮಂಕಾದ ಬಿಳಿ, ಅಕ್ಷರಕ್ಕೂ ಸಾಲಿಗೂ ಸ್ವಲ್ಪ ಹೆಚ್ಚಿನ ಜಾಗ ಇಷ್ಟಾದರೂ ಬೇಕು. ಇಂಗ್ಲಿಷ್ ಅಕ್ಷರಗಳಿಗೆ ಹೊಂದಿಸಿದ ವಿನ್ಯಾಸವನ್ನೇ ಕನ್ನಡಕ್ಕೆ ತೊಡಿಸುವುದು ತಯಾರಕರ ಸೋಮಾರಿತನ.

ಬ್ಯಾಟರಿ ಉಳಿತಾಯದ ವಾದ ಅರ್ಧಸತ್ಯ. ಒಎಲ್‌ಇಡಿ ತೆರೆಯಲ್ಲಿ ಕಪ್ಪು ಬಿಂದು ಆರಿಯೇ ಇರುವುದರಿಂದ ಉಳಿತಾಯವುಂಟು. ಎಲ್‌ಸಿಡಿಯಲ್ಲಿ ಹಿಂಬದಿಯ ದೀಪ ಉರಿಯುತ್ತಲೇ ಇರುತ್ತದೆ. ಒಎಲ್‌ಇಡಿಯಲ್ಲಿಯೂ ಸಾಮಾನ್ಯ ಹೊಳಪಿನಲ್ಲಿ ಉಳಿಯುವುದು ಸರಾಸರಿ ಶೇ. 3ರಿಂದ 9 ಮಾತ್ರವೆಂದು ಪರ್ಡ್ಯೂ ವಿಶ್ವವಿದ್ಯಾಲಯದ 2021ರ ಅಧ್ಯಯನ ಅಳೆದಿದೆ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಇದು ದಿನನಿತ್ಯದ ಪ್ರಶ್ನೆ. ಹಳೆಯ ಗ್ರಂಥಗಳು ಹಲವು ಬಾರಿ ಸ್ಕ್ಯಾನ್ ಮಾಡಿದ ಪಿಡಿಎಫ್ ರೂಪದಲ್ಲಿಯೇ ಕೈಗೆ ಸಿಗುತ್ತವೆ. ಅವು ಚಿತ್ರಗಳಾದುದರಿಂದ ಡಾರ್ಕ್ ಮೋಡ್ ಒತ್ತಿದರೂ ಪುಟ ಬೆಳ್ಳಗೇ ಉಳಿಯುವುದುಂಟು. ಬಲವಂತದಿಂದ ತಿರುಗಿಸಿದರೆ ಹಳದಿಯಾದ ಕಾಗದದ ಕಲೆಗಳೂ ಅಕ್ಷರಗಳೊಂದಿಗೆ ಬೆಳಗತೊಡಗುತ್ತವೆ.

ತರಗತಿಯಲ್ಲಿ ಇದನ್ನು ಪರೀಕ್ಷಿಸಬಹುದು. ಮಹಾಪ್ರಾಣಗಳೂ ಒತ್ತಕ್ಷರಗಳೂ ಹೆಚ್ಚಾಗಿರುವ ಒಂದು ಗದ್ಯಭಾಗವನ್ನು ಟೈಪು ಮಾಡಿ, ಬೇಕೆಂದೇ ಹತ್ತು ಕಾಗುಣಿತದ ತಪ್ಪುಗಳನ್ನು ಸೇರಿಸಿ, ಅರ್ಧ ತರಗತಿಗೆ ಬಿಳಿ ತೆರೆಯಲ್ಲಿಯೂ ಉಳಿದವರಿಗೆ ಕಪ್ಪು ತೆರೆಯಲ್ಲಿಯೂ ಕೊಡಬೇಕು. ಯಾವ ತೆರೆಯಲ್ಲಿ ಎಷ್ಟು ತಪ್ಪುಗಳು, ಅದರಲ್ಲೂ ಯಾವ ಅಕ್ಷರಗಳು ಕಣ್ತಪ್ಪಿದವು ಎಂಬುದನ್ನು ಪಟ್ಟಿ ಮಾಡಿಕೊಳ್ಳಬೇಕು.