ವಸೂಲಿಯವರು ಬಾಗಿಲಿಗೆ ಬಂದಾಗ: ಮಾಡಬೇಕಾದ್ದು, ಮಾಡಬಾರದ್ದು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಸಂಘದ ಸಾಲ, ಕೈಸಾಲ, ಟ್ರ್ಯಾಕ್ಟರ್ ಸಾಲ, ಮನೆಗಂದಾಯ ಬಾಕಿ ಇರುವವರಿಗೆ.

ಬಾಗಿಲಿಗೆ ಬರುವವರು ಮೂರು ಥರ: ಫೈನಾನ್ಸಿನ ವಸೂಲಿಗಾರ, ಕೋರ್ಟಿನ ಅಮೀನ, ಪಂಚಾಯ್ತಿ ಅಥವಾ ಪುರಸಭೆಯ ಬಿಲ್ ಕಲೆಕ್ಟರ್. ವಸೂಲಿಗಾರ ಹಣ ಕೇಳಬಹುದು. ನಿಮ್ಮ ಮನೆಯ ಒಂದು ಚೊಂಬನ್ನೂ ಎತ್ತುವಂತಿಲ್ಲ. ಅಮೀನ ವಾರಂಟ್ ಇದ್ದರೆ ಜಪ್ತಿ ಮಾಡಬಹುದು. ಅವನಿಗೂ ಮಿತಿ ಇದೆ. ಇಬ್ಬರನ್ನೂ ಒಂದೇ ಎಂದುಕೊಂಡವರು ಎರಡು ಕಡೆಯೂ ಕೆಡುತ್ತಾರೆ. ವಸೂಲಿಗಾರನಿಗೆ ಹೆದರಿ ತಾಳಿ ಅಡವಿಡುತ್ತಾರೆ, ಕೋರ್ಟಿನ ನೋಟಿಸನ್ನು ಒಲೆಗೆ ಹಾಕುತ್ತಾರೆ.

ಸಾಲ ಕಟ್ಟದಿದ್ದರೆ ಆಗುವುದು ಇದು: ಸಿಬಿಲ್‌ನಲ್ಲಿ ಹೆಸರು ಕೆಡುತ್ತದೆ, ಮುಂದೆ ಸಾಲ ಹುಟ್ಟುವುದು ಕಷ್ಟ. ಕಂಪನಿ ದಾವೆ ಹಾಕಬಹುದು, ಡಿಕ್ರಿ ಆಗಬಹುದು, ಜಪ್ತಿ ಬರಬಹುದು. ಕೈಯಲ್ಲಿ ಹಣವಿಲ್ಲದೆ ಕಂತು ತಪ್ಪಿದ ಮಾತ್ರಕ್ಕೆ ಜೈಲಿಲ್ಲ. ಚೆಕ್ ಬೌನ್ಸ್ ಆದರೆ ಇದೆ, 2 ವರ್ಷದವರೆಗೆ.

ಮಾಡಬೇಕಾದ್ದು

ವಸೂಲಿಗಾರ ಬಂದರೆ

ಗುರುತಿನ ಚೀಟಿ ಕೇಳಿ.
ಕಂಪನಿ ಕೊಟ್ಟ ಅಧಿಕಾರ ಪತ್ರ ಕೇಳಿ. ಎರಡೂ ಇಲ್ಲದವನ ಜೊತೆ ಲೆಕ್ಕದ ಮಾತೇ ಬೇಕಿಲ್ಲ.
ಹೆಸರು, ಕಂಪನಿ, ದಿನಾಂಕ, ಗಂಟೆ ಬರೆದಿಡಿ.
ಹೊಸ್ತಿಲ ಹೊರಗೆ ನಿಲ್ಲಿಸಿ ಮಾತಾಡಿ.
ಪಕ್ಕದ ಮನೆಯವರೊಬ್ಬರನ್ನು ಸಾಕ್ಷಿಗೆ ಕರೆಯಿರಿ.
ಮೊಬೈಲಿನಲ್ಲಿ ರೆಕಾರ್ಡ್ ಮಾಡಿ.
ಗಡಿಯಾರ ನೋಡಿ. ಸಂಘದ ಸಾಲಕ್ಕೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡಿ ಪೀಡಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದಲ್ಲೇ ಇದೆ. ಬೈಯುವುದು, ಬೆದರಿಸುವುದು, ನೆಂಟರನ್ನು ಕಾಡುವುದು, ಸಾಲಗಾರರ ಹೆಸರನ್ನು ಊರಿಗೆಲ್ಲ ಸಾರುವುದು, ಸುಳ್ಳು ಹೇಳಿ ಹೆದರಿಸುವುದು ಅದೇ ನಿರ್ದೇಶನದ ಪ್ರಕಾರ ನಿಷಿದ್ಧ.
ಕಂತು ಕಟ್ಟಲು ಗೊತ್ತುಮಾಡಿದ ಜಾಗ ಯಾವುದೆಂದು ಕೇಳಿ. ಅಲ್ಲಿಗೆ ನೀವು ಸತತ ಎರಡು ಸಲ ಬಾರದಿದ್ದರೆ ಮಾತ್ರ ಅವರು ಮನೆಗೋ ಕೂಲಿ ಮಾಡುವ ಹೊಲಕ್ಕೋ ಬರಬಹುದು.
ಕಟ್ಟಿದ ಪ್ರತಿ ಕಂತನ್ನೂ ಸಾಲದ ಕಾರ್ಡಿನಲ್ಲಿ ಅಲ್ಲೇ ಬರೆಸಿ, ಸಹಿ ಹಾಕಿಸಿ. ಕಾರ್ಡು ನಿಮ್ಮ ಹತ್ತಿರವೇ ಇರಲಿ, ಸಂಘದ ಲೀಡರ್ ಹತ್ತಿರ ಅಲ್ಲ.
ಬಡ್ಡಿ, ಶುಲ್ಕ, ವಿಮೆ ಎಲ್ಲ ಬರೆದ ವಿವರ ಪತ್ರವನ್ನು ಕನ್ನಡದಲ್ಲಿ ಕೇಳಿ ಪಡೆಯಿರಿ. ನಿಮಗೆ ತಿಳಿಯುವ ಭಾಷೆಯಲ್ಲಿ ಕೊಡಲೇಬೇಕು.
ಮಳೆ ಕೈಕೊಟ್ಟು ಮೆಕ್ಕೆಜೋಳ ಒಣಗಿದ್ದರೆ, ಈರುಳ್ಳಿ ರೇಟು ಬಿದ್ದಿದ್ದರೆ, ಕಂತು ತಪ್ಪುವ ಮುಂಚೆಯೇ ಶಾಖೆಗೆ ಅರ್ಜಿ ಕೊಟ್ಟು ಅವಧಿ ಹೆಚ್ಚಿಸಲು ಕೇಳಿ. ಅರ್ಜಿಯ ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ‘ಆಯ್ತಮ್ಮ, ನೋಡೋಣ’ ಅಂದದ್ದು ಲೆಕ್ಕಕ್ಕಿಲ್ಲ.
ಸಾಲ ತೆಗೆದವರು ತೀರಿಕೊಂಡಿದ್ದರೆ ಮೊದಲು ವಿಮೆ ಇದೆಯೇ ಎಂದು ಕೇಳಿ. ಸಾಲ ಕೊಡುವಾಗಲೇ ವಿಮೆಯ ಹಣ ಮುರಿದುಕೊಂಡಿರುವುದು ಸಾಮಾನ್ಯ. ಮರಣ ಪ್ರಮಾಣಪತ್ರ ಕೊಟ್ಟು ಕ್ಲೇಮ್ ಹಾಕಿಸಿ, ಆಮೇಲೆ ಬಾಕಿಯ ಮಾತು.

ದೂರು ಕೊಡಲು

ಕೈ ಎತ್ತಿದರೆ, ಒಳಗೆ ನುಗ್ಗಿದರೆ, ಸಾಮಾನು ಎಳೆದರೆ 112ಕ್ಕೆ ಫೋನ್ ಮಾಡಿ.
ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಕಂಪನಿಯಾದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ.
30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಿರಿ. ಮಾಹಿತಿಗೆ 14448. ದೂರಿಗೆ ಶುಲ್ಕವಿಲ್ಲ.
ನೋಂದಣಿಯೇ ಇಲ್ಲದ ಬಡ್ಡಿ ವ್ಯವಹಾರದವರಾದರೆ ನೇರ ಠಾಣೆಗೆ ಹೋಗಿ. ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು, ಆಮೇಲೆ ಕಾಯ್ದೆ ಮಾಡಿದ್ದು ಇಂಥವರಿಗಾಗಿಯೇ. ಬಲವಂತದ ವಸೂಲಿಗೆ 6 ತಿಂಗಳಿಂದ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ದೂರು ದಾಖಲಿಸಲು ಪೊಲೀಸರು ಒಲ್ಲೆ ಎನ್ನುವಂತಿಲ್ಲ.
ಠಾಣೆಯಲ್ಲಿ ಕೆಲಸ ಆಗದಿದ್ದರೆ ಹೊಸಪೇಟೆಯಲ್ಲಿ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಡಿ.
ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕೋರ್ಟಿನಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ.

ಕೋರ್ಟಿನಿಂದ ಕಾಗದ ಬಂದರೆ

ಸಮನ್ಸ್ ತೆಗೆದುಕೊಳ್ಳಿ.
ಹಾಜರಾಗಬೇಕಾದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ.
ಆ ದಿನ ಹೋಗಿ. ಹೋಗದಿದ್ದರೆ ಏಕಪಕ್ಷೀಯ ಡಿಕ್ರಿ ಆಗುತ್ತದೆ. ನೀವು ಕಟ್ಟಿದ ಕಂತಿನ ರಸೀದಿ ನೋಡುವವರೂ ಇರುವುದಿಲ್ಲ.
ಏಕಪಕ್ಷೀಯ ಡಿಕ್ರಿ ಆಗಿಬಿಟ್ಟಿದ್ದರೆ 30 ದಿನದೊಳಗೆ ರದ್ದತಿಗೆ ಅರ್ಜಿ ಹಾಕಿಸಿ.
ವಾಟ್ಸ್‌ಆ್ಯಪ್‌ನಲ್ಲಿ ಬಂದ ‘ಕೋರ್ಟ್ ನೋಟಿಸ್’ ಆದರೆ ಕೇಸ್ ನಂಬರ್ ಹಿಡಿದು ಕೋರ್ಟಿನಲ್ಲೇ ವಿಚಾರಿಸಿ. ಲೆಟರ್‌ಹೆಡ್ ಮೇಲೆ ತಕ್ಕಡಿ ಚಿತ್ರ ಹಾಕಿ ಕಳಿಸಿದ್ದೆಲ್ಲ ಕೋರ್ಟಿನದಲ್ಲ.
ಗುಳೆ ಹೋಗುವವರು, ಮಲೆನಾಡಿನ ಕಾಫಿ ತೋಟಕ್ಕಾಗಲಿ, ಮಂಡ್ಯದ ಕಡೆ ಕಬ್ಬು ಕಡಿಯಲಾಗಲಿ, ಬೆಂಗಳೂರಿನ ಕಟ್ಟಡ ಕೆಲಸಕ್ಕಾಗಲಿ, ಬಾಗಿಲಿಗೆ ಏನಾದರೂ ಅಂಟಿಸಿದರೆ ಫೋಟೊ ಹೊಡೆದು ಕಳಿಸಲು ಪಕ್ಕದ ಮನೆಯವರಿಗೆ ಹೇಳಿ ಹೋಗಿ. ಬೀಗ ಹಾಕಿದ ಬಾಗಿಲಿಗೆ ಅಂಟಿಸಿದ ಸಮನ್ಸನ್ನೂ ಕೋರ್ಟು ತಲುಪಿದೆ ಎಂದೇ ಹಿಡಿಯಬಹುದು. ಯುಗಾದಿಗೆ ಊರಿಗೆ ಬರುವಷ್ಟರಲ್ಲಿ ಡಿಕ್ರಿ ಆಗಿರುತ್ತದೆ.

ಅಮೀನ ಬಂದರೆ

ವಾರಂಟ್ ತೋರಿಸಲು ಹೇಳಿ.
ಕೋರ್ಟಿನ ಸೀಲು, ಕೇಸ್ ನಂಬರ್, ನಿಮ್ಮ ಹೆಸರು, ಮೊತ್ತ, ಜಾರಿಯ ಕೊನೆಯ ದಿನಾಂಕ, ಐದನ್ನೂ ಓದಿ. ಓದು ಬಾರದಿದ್ದರೆ ಬರುವವರನ್ನು ಕರೆಸಿ.
ಹೊತ್ತು ನೋಡಿ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ವಾಸದ ಮನೆಗೆ ಜಪ್ತಿಗೆ ಬರುವಂತಿಲ್ಲ.
ಮುಟ್ಟಬಾರದ್ದನ್ನು ಅಲ್ಲೇ ಹೇಳಿ: ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧರ್ಮದ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಆಭರಣ, ಎಂದರೆ ತಾಳಿ. ಕುಶಲಕರ್ಮಿಯ ಹತಾರ. ರೈತನಿಗೆ ಜೀವನ ನಡೆಸಲು ಬೇಕಾದ ಬೇಸಾಯದ ಸಲಕರಣೆ, ಎತ್ತು, ಬಿತ್ತನೆ ಬೀಜ. ರೈತ ಅಥವಾ ಕೂಲಿಕಾರ ತಾನೇ ವಾಸವಿರುವ ಸ್ವಂತ ಮನೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಇವನ್ನು ಜಪ್ತಿಯಿಂದ ಹೊರಗಿಟ್ಟಿದೆ. ಆದರೆ ಮನೆಯನ್ನೇ ಅಡಮಾನ ಮಾಡಿ ಸಾಲ ತೆಗೆದಿದ್ದರೆ ಈ ರಕ್ಷಣೆ ನೆಚ್ಚಿಕೊಳ್ಳುವ ಹಾಗಿಲ್ಲ.
ಬೈಕು ಮಗನದು, ಎಮ್ಮೆ ತಮ್ಮನದು ಎಂದಾದರೆ ಆರ್‌ಸಿ ಅಥವಾ ಖರೀದಿ ಚೀಟಿ ತೋರಿಸಿ. ಆದರೂ ಒಯ್ದರೆ ಮಾಲೀಕರಿಂದ ಕೋರ್ಟಿಗೆ ತಕರಾರು ಅರ್ಜಿ ಹಾಕಿಸಿ.
ಒಯ್ದ ಸಾಮಾನಿನ ಪಟ್ಟಿಯ ನಕಲು ಪಡೆಯಿರಿ.
ಕಟ್ಟುವ ಹಣವಿದ್ದರೆ ಕೋರ್ಟಿನಲ್ಲಿ ಕಟ್ಟಿ ರಸೀದಿ ತೆಗೆದುಕೊಳ್ಳಿ.
‘ಅರೆಸ್ಟ್ ಮಾಡಿಸ್ತೀವಿ’ ಎಂದರೆ ಇದು ನೆನಪಿರಲಿ: ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವಂತಿಲ್ಲ. ಗಂಡಸರಿಗೂ ಕೋರ್ಟು ಕಾರಣ ಕೇಳಬೇಕು. ಹಣವಿದ್ದೂ ಕೊಡುತ್ತಿಲ್ಲ, ಆಸ್ತಿ ಮುಚ್ಚಿಡುತ್ತಿದ್ದಾನೆ ಎಂಥದ್ದೇನಾದರೂ ಮನವರಿಕೆಯಾಗಬೇಕು.

ಟ್ರ್ಯಾಕ್ಟರ್, ಬೈಕು

ಇದು ಬೇರೆ ಲೆಕ್ಕ. ಗಾಡಿ ಫೈನಾನ್ಸಿಗೆ ಒತ್ತೆ ಇದೆ, ಆರ್‌ಸಿಯಲ್ಲಿ ಅವರ ಹೆಸರಿದೆ, ಒಪ್ಪಂದದಂತೆ ನೋಟಿಸ್ ಕೊಟ್ಟು ಒಯ್ಯಬಹುದು. ಗೂಂಡಾಗಳನ್ನು ಬಿಟ್ಟು ದಾರಿಯಲ್ಲಿ ಅಡ್ಡಗಟ್ಟಿ ಕಸಿಯುವಂತಿಲ್ಲ; 2007ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಖಂಡಿಸಿದೆ.
ನೋಟಿಸ್ ಕೊಟ್ಟ ದಾಖಲೆ ಕೇಳಿ.
ಗಾಡಿಯಲ್ಲಿರುವ ನಿಮ್ಮ ಸಾಮಾನು ಇಳಿಸಿಕೊಳ್ಳಿ. ಟ್ರೈಲರ್, ರಂಟೆ ಆ ಸಾಲದಲ್ಲಿ ಸೇರಿಲ್ಲದಿದ್ದರೆ ಅವನ್ನೂ ಬಿಚ್ಚಿಕೊಳ್ಳಿ.
ನಾಲ್ಕೂ ಕಡೆಯಿಂದ ಫೋಟೊ ಹೊಡೆಯಿರಿ.
ಹರಾಜಿಗೆ ಮುಂಚೆ ಬಾಕಿ ಕಟ್ಟಿ ಬಿಡಿಸಿಕೊಳ್ಳಲು ಲಿಖಿತವಾಗಿ ಕೇಳಿ. ಹರಾಜಾದ ಮೇಲೆ ಕಡಿಮೆ ಬಿದ್ದ ಹಣವನ್ನೂ ನಿಮ್ಮಿಂದಲೇ ಕೇಳುತ್ತಾರೆ.

ಮನೆಗಂದಾಯ

ಕಟ್ಟಿ. ಸಣ್ಣ ಮೊತ್ತ, ದೊಡ್ಡ ತೊಡಕು. ಗಡುವು ಮೀರಿದರೆ ಪುರಸಭೆ, ಪಟ್ಟಣ ಪಂಚಾಯ್ತಿಗಳಲ್ಲಿ ತಿಂಗಳಿಗೆ ಶೇ. 2 ದಂಡ ಏರುತ್ತದೆ. ಬಿಟ್ಟರೆ ನೋಟಿಸ್, ಆಮೇಲೆ ಜಪ್ತಿ.
ಏಪ್ರಿಲ್‌ನಲ್ಲೇ ಕಟ್ಟಿ ಶೇ. 5 ರಿಯಾಯಿತಿ ಪಡೆಯಿರಿ.
ಬಿಲ್ ಕಲೆಕ್ಟರ್ ಕೈಗೆ ಕೊಟ್ಟರೆ ಅಲ್ಲೇ ರಸೀದಿ ಪಡೆಯಿರಿ. ರಸೀದಿ ಪುಸ್ತಕ ಆಫೀಸಿನಲ್ಲಿದೆ ಎಂದರೆ ಆಫೀಸಿಗೇ ಹೋಗಿ ಕಟ್ಟಿ.

ಮಾಡಬಾರದ್ದು

ಜೀವ ಕಳೆದುಕೊಳ್ಳುವ ಯೋಚನೆ ಬೇಡ. ಅಂಥ ಯೋಚನೆ ಬಂದರೆ ಒಬ್ಬರೇ ಇರಬಾರದು. 14416ಕ್ಕೆ, ಟೆಲಿ ಮಾನಸ್‌ಗೆ, ಹಗಲಾಗಲಿ ರಾತ್ರಿಯಾಗಲಿ ಫೋನ್ ಮಾಡಿ. ಸಾಲ ತೀರಿಸಲು ಅವಧಿ ಕೇಳಬಹುದು.

ಖಾಲಿ ಚೆಕ್ಕಿಗೆ ಸಹಿ ಬೇಡ.
ಖಾಲಿ ಬಾಂಡ್ ಪೇಪರಿಗೆ ಹೆಬ್ಬೆಟ್ಟು ಬೇಡ.
ಎಟಿಎಂ ಕಾರ್ಡ್, ಪಾಸ್‌ಬುಕ್, ಪಡಿತರ ಚೀಟಿ, ಹೊಲದ ಪಹಣಿ ಒತ್ತೆ ಇಡುವುದು ಬೇಡ. ಸಂಘದ ಸಾಲಕ್ಕೆ ಒತ್ತೆ ಕೇಳುವುದೇ ನಿಯಮ ಮೀರಿದ್ದು.
ಒಟಿಪಿ ಹೇಳಬಾರದು.
ವಸೂಲಿಗಾರನ ಸ್ವಂತ ಫೋನ್ ಪೇ ನಂಬರಿಗೆ ಕಂತು ಹಾಕಬಾರದು.
ರಸೀದಿ ಇಲ್ಲದೆ ನೂರು ರೂಪಾಯಿಯನ್ನೂ ಕೊಡಬಾರದು.
ಒಂದು ಸಂಘದ ಕಂತಿಗೆ ಇನ್ನೊಂದು ಸಂಘದಲ್ಲಿ ಸಾಲ ಬೇಡ. ಎಲ್ಲ ಸಾಲದ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು ಎಂದು ರಿಸರ್ವ್ ಬ್ಯಾಂಕೇ ಮಿತಿ ಹಾಕಿದೆ. ಮಿತಿ ದಾಟಿಸಿ ಕೊಡುವ ಕಂಪನಿ ನಿಮಗೆ ಉಪಕಾರ ಮಾಡುತ್ತಿಲ್ಲ.
ಸಂಘದ ಕಂತು ಕಟ್ಟಲು ಮೀಟರ್ ಬಡ್ಡಿ ಬೇಡವೇ ಬೇಡ.
ನಿಮ್ಮ ಹೆಸರಲ್ಲಿ ಸಾಲ ತೆಗೆದು ಬೇರೆಯವರಿಗೆ ಕೊಡಬಾರದು. ಲೀಡರ್ ಕೇಳಿದರೂ, ಓರಗಿತ್ತಿ ಕೇಳಿದರೂ. ಅವರು ಕೈಬಿಟ್ಟರೆ ಕೋರ್ಟು ಕರೆಯುವುದು ನಿಮ್ಮನ್ನು.

ಸಂಘದ ಹೆಂಗಸರಿಗೆ ಬೇರೆಯಾಗಿ ಹೇಳಬೇಕಾದ್ದಿದೆ. ಕಂತು ಬಾರದ ಸದಸ್ಯೆಯ ಮನೆ ಮುಂದೆ ಗುಂಪುಗೂಡಿ ಕೂರಬಾರದು. ಅವಳ ಕುಕ್ಕರು, ಸಿಲಿಂಡರು ಎತ್ತಿಕೊಂಡು ಬರಬಾರದು. ಮಕ್ಕಳ ಎದುರು ಬೈಯಬಾರದು. ‘ದುಡ್ಡು ಬರೋವರೆಗೂ ಯಾರೂ ಏಳಬೇಡಿ’ ಎಂದು ಮೀಟಿಂಗಿನಲ್ಲಿ ಕೂಡಿಹಾಕಿದರೆ ಕೂರಬಾರದು. ಅದು ಸಂಬಳ ತೆಗೆದುಕೊಳ್ಳುವವನ ಕೆಲಸ. ನಿಮ್ಮ ಕೈಯಲ್ಲಿ ಪುಕ್ಕಟೆ ಮಾಡಿಸುತ್ತಿದ್ದಾನೆ. ಹೆಚ್ಚುಕಡಿಮೆಯಾಗಿ ಕೇಸು ಬಿದ್ದರೆ ಎಫ್‌ಐಆರ್‌ನಲ್ಲಿ ಬರುವುದು ನಿಮ್ಮ ಹೆಸರು.

ವಸೂಲಿಗಾರನ ಮೇಲೆ ಕೈ ಮಾಡಬಾರದು. ಅಮೀನನನ್ನು ತಡೆಯಲೇಬಾರದು, ಅದು ಸರ್ಕಾರಿ ಕೆಲಸಕ್ಕೆ ಅಡ್ಡಿ, ಕ್ರಿಮಿನಲ್ ಕೇಸು.
ಅಮೀನ ಬರುತ್ತಾನೆಂದು ಗೊತ್ತಾಗಿ ಸಾಮಾನು ಸಾಗಿಸುವುದು, ಹೊಲವನ್ನು ಸುಳ್ಳು ಕ್ರಯ ಮಾಡಿಸುವುದು ಬೇಡ. ಕಷ್ಟದ ಸಾಲಗಾರ ಅಲ್ಲಿಂದ ಮುಂದೆ ಕೋರ್ಟಿನ ಕಣ್ಣಲ್ಲಿ ಮೋಸಗಾರ.
ಜಪ್ತಿ ಆಗಿರುವ ಆಸ್ತಿ ಮಾರಬಾರದು.
ಗೋಡೆಗೆ ‘ಸಾಲ ಬಾಕಿ’ ಎಂದು ಬಣ್ಣದಲ್ಲಿ ಬರೆದು ಹೋದರೆ ತಕ್ಷಣ ಅಳಿಸಬಾರದು. ಫೋಟೊ ಹೊಡೆದು, ಠಾಣೆಗೆ ದೂರು ಕೊಟ್ಟು, ಆಮೇಲೆ ಅಳಿಸಿ.
‘ಸರ್ಕಾರ ಎಲ್ಲ ಸಂಘದ ಸಾಲ ಮನ್ನಾ ಮಾಡಿದೆ’ ಎಂಬ ಸುದ್ದಿ ನಂಬಿ ಕಂತು ನಿಲ್ಲಿಸುವುದು ಬೇಡ. 2025ರ ಕಾಯ್ದೆ ಬಲವಂತ ತಡೆಯಲು ಬಂದದ್ದು. ಪರವಾನಗಿ ಇರುವ ಕಂಪನಿಯ ಸಾಲ ಹಾಗೇ ಇದೆ.
ಮನ್ನಾ ಮಾಡಿಸಿಕೊಡುತ್ತೇನೆಂದು ಫೀಸು ಕೇಳುವವರಿಗೆ ದುಡ್ಡು ಬೇಡ.
ಲೋಕ ಅದಾಲತ್‌ನಲ್ಲಿ ಒತ್ತಾಯಕ್ಕೆ ಒಪ್ಪಬಾರದು. ಅಲ್ಲಿ ಸಹಿ ಬಿದ್ದರೆ ಅದೇ ಡಿಕ್ರಿ, ಮೇಲ್ಮನವಿ ಇಲ್ಲ. ಕಟ್ಟಲಾಗುವ ಮೊತ್ತ, ಕಟ್ಟಲಾಗುವ ತಿಂಗಳು ಹೇಳಿ; ಸುಗ್ಗಿ ನೋಡಿ ಕಂತು ಕೇಳಿ. ಆಗದಿದ್ದರೆ ಆಗದು ಎಂದು ಹೇಳಿ ಬನ್ನಿ, ಕೇಸು ಕೋರ್ಟಿನಲ್ಲಿ ನಡೆಯುತ್ತದೆ.
ಸಾಲ ತೀರಿದ ದಿನ ಬರಿಗೈಯಲ್ಲಿ ಮನೆಗೆ ಬರಬಾರದು. ‘ಬಾಕಿ ಇಲ್ಲ’ ಪತ್ರ ಬರೆಸಿಕೊಳ್ಳದೆ, ಮುಂಚೆ ಕೊಟ್ಟ ಚೆಕ್ಕುಗಳನ್ನು ವಾಪಸ್ ಪಡೆಯದೆ, ಶಾಖೆಯಿಂದ ಏಳಬಾರದು.