ನೂರಕ್ಕೆ ನೂರು ಆದ ಮೇಲೆ ಶುರುವಾಗುವ ಕೆಲಸ

ಫೈರ್‌ಫಾಕ್ಸ್ ಬ್ರೌಸರನ್ನೂ ಲಿಬ್ರೆಆಫೀಸನ್ನೂ ಕನ್ನಡ ಮೆನುಗಳೊಂದಿಗೆ ಬಳಸಬಹುದು ಎಂಬುದು ಎಷ್ಟೋ ಕನ್ನಡಿಗರಿಗೆ ಇನ್ನೂ ಗೊತ್ತಿಲ್ಲ. ಇವುಗಳನ್ನು ಕನ್ನಡಕ್ಕೆ ತಂದವರಲ್ಲಿ ಕೆಲವರು ಕಂಪನಿಗಳ ನೌಕರರು. ಉಳಿದವರು ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆಯುವ ಸ್ವಯಂಸೇವಕರು: ವಿದ್ಯಾರ್ಥಿಗಳು, ಮೇಷ್ಟ್ರುಗಳು, ಐಟಿ ಉದ್ಯೋಗಿಗಳು, ನಿವೃತ್ತರು. ಆ ಸಾಲಿನಲ್ಲಿ ನಾನೂ ಹಲವು ವರ್ಷ ಕೂತಿದ್ದೇನೆ. ಅಲ್ಲಿ ಕಲಿತದ್ದರಲ್ಲಿ ಹೊಸಬರಿಗೆ ನೆರವಾಗಬಹುದಾದ ಕೆಲವು ಸಂಗತಿಗಳು ಇಲ್ಲಿವೆ.

ಕೆಲಸ ನಡೆಯುವ ಬಗೆ ಸರಳ. ತಂತ್ರಾಂಶದಲ್ಲಿ ಬಳಕೆದಾರರ ಕಣ್ಣಿಗೆ ಬೀಳುವ ಪ್ರತಿಯೊಂದು ಪದ, ಪ್ರತಿಯೊಂದು ವಾಕ್ಯವನ್ನೂ ಪ್ರೋಗ್ರಾಮಿನಿಂದ ಬೇರ್ಪಡಿಸಿ ಪಟ್ಟಿ ಮಾಡಿರುತ್ತಾರೆ. ಇವನ್ನು ಸ್ಟ್ರಿಂಗ್ ಎನ್ನುತ್ತಾರೆ. ಮೊಜಿಲ್ಲಾದವರ ಸ್ಟ್ರಿಂಗ್‌ಗಳು ಪೊಂಟೂನ್ ತಾಣದಲ್ಲಿ, ಲಿಬ್ರೆಆಫೀಸಿನವು ವೆಬ್ಲೇಟ್‌ನಲ್ಲಿ, ವಿಕಿಪೀಡಿಯದ ಹಿಂದಿರುವ ಮೀಡಿಯಾವಿಕಿಯವು ಟ್ರಾನ್ಸ್‌ಲೇಟ್‌ವಿಕಿಯಲ್ಲಿ ಸಿಗುತ್ತವೆ. ಖಾತೆ ತೆರೆದು ಲಾಗಿನ್ ಆದರೆ ಸಾಕು, ಇಂಗ್ಲಿಷ್ ಸಾಲಿನ ಜೊತೆಗೆ ಕನ್ನಡಕ್ಕೊಂದು ಖಾಲಿ ಚೌಕ ತೆರೆದುಕೊಳ್ಳುತ್ತದೆ. ಪ್ರೋಗ್ರಾಮಿಂಗ್ ಬರಬೇಕೆಂದೇನೂ ಇಲ್ಲ.

ಬರಬೇಕಾದದ್ದು ಕನ್ನಡದ ವ್ಯಾಕರಣ. ಎಷ್ಟೋ ಸ್ಟ್ರಿಂಗ್‌ಗಳ ನಡುವೆ ಶೇಕಡಾ ಚಿಹ್ನೆಯೂ ಅದರ ಪಕ್ಕದಲ್ಲಿ ಎಸ್ ಅಕ್ಷರವೂ ಇರುತ್ತವೆ. ಅದು ಖಾಲಿ ಜಾಗದ ಗುರುತು. ತಂತ್ರಾಂಶ ಓಡುವಾಗ ಅಲ್ಲಿ ಕಡತದ ಹೆಸರೋ ವ್ಯಕ್ತಿಯ ಹೆಸರೋ ಬಂದು ಕೂರುತ್ತದೆ. ಇಂಗ್ಲಿಷಿಗೆ ಇದರಿಂದ ತೊಂದರೆಯಿಲ್ಲ. ಕನ್ನಡದಲ್ಲಿ ಹೆಸರಿಗೆ ವಿಭಕ್ತಿ ಅಂಟಬೇಕು. ‘ಪಟ್ಟಿ’ ಆದರೆ ಪಟ್ಟಿಯನ್ನು, ‘ಲೆಕ್ಕ’ ಆದರೆ ಲೆಕ್ಕವನ್ನು, ‘ಊರು’ ಆದರೆ ಊರನ್ನು. ಈ ಸಂಧಿ ತಂತ್ರಾಂಶಕ್ಕೆ ತಿಳಿಯದು. ಹಾಗಾಗಿ ಯೋಚಿಸದೆ ಅನುವಾದಿಸಿದರೆ ‘ಮದುವೆ ಪಟ್ಟಿ ಅನ್ನು ಅಳಿಸಬೇಕೆ?’ ಎಂದು ಪರದೆ ಕೇಳುತ್ತದೆ. ಅನುಭವಿಗಳು ಇಲ್ಲಿ ಒಂದು ನಾಮಪದವನ್ನು ತಾವೇ ಸೇರಿಸುತ್ತಾರೆ: ‘“ಮದುವೆ ಪಟ್ಟಿ” ಎಂಬ ಕಡತವನ್ನು ಅಳಿಸಬೇಕೆ?’ ವಿಭಕ್ತಿಯ ಭಾರವೆಲ್ಲ ‘ಕಡತ’ದ ಮೇಲೆ ಬಿತ್ತು. ಯಾವ ಹೆಸರು ಬಂದರೂ ವಾಕ್ಯ ಕೆಡುವುದಿಲ್ಲ.

ಗೌರವದ ವಿಚಾರವೂ ಹೀಗೆಯೇ. ಗುಂಡಿಯ ಮೇಲೆ ‘ಉಳಿಸು’ ಎಂದು ಬರೆಯಬೇಕೆ, ‘ಉಳಿಸಿ’ ಎಂದೆ? ಈ ಚರ್ಚೆ ಪ್ರತಿ ತಂಡದಲ್ಲೂ ಒಮ್ಮೆ ಏಳುತ್ತದೆ. ಗುಂಡಿ ಒತ್ತುವವರು ಯಂತ್ರಕ್ಕೆ ಆಜ್ಞೆ ಕೊಡುತ್ತಿದ್ದಾರೆ, ಆದ್ದರಿಂದ ‘ಉಳಿಸು’. ಯಂತ್ರವೇ ಬಳಕೆದಾರರೊಂದಿಗೆ ಮಾತಾಡುವಾಗ ‘ದಯವಿಟ್ಟು ಉಳಿಸಿ’. ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ಕೇಳಿಕೊಂಡರೆ ಗೊಂದಲ ಬಗೆಹರಿಯುತ್ತದೆ. ವಿಕಿಪೀಡಿಯದಂಥ ಕಡೆ ಸದಸ್ಯರು ಗಂಡೋ ಹೆಣ್ಣೋ ಗೊತ್ತಿಲ್ಲದಿದ್ದಾಗ ‘ಬದಲಾಯಿಸಿದ್ದಾರೆ’ ಎಂಬ ಬಹುವಚನ ಎಲ್ಲರಿಗೂ ಸಲ್ಲುತ್ತದೆ, ಮರ್ಯಾದೆಯೂ ಉಳಿಯುತ್ತದೆ.

ಇಷ್ಟನ್ನೂ ಅನುವಾದದ ತಾಣದಲ್ಲೇ ಕೂತು ಕಲಿಯಬಹುದು. ಉಳಿದದ್ದನ್ನು ಕಲಿಸುವುದು ಬಳಸುವವರು.

ಪ್ರಶ್ನೆಪತ್ರಿಕೆ ತಯಾರಿಸಲು ಕನ್ನಡ ಲಿಬ್ರೆಆಫೀಸ್ ಬಳಸುತ್ತಿದ್ದ ಪ್ರೌಢಶಾಲೆಯ ಮೇಷ್ಟ್ರೊಬ್ಬರ ಪಕ್ಕ ಒಂದು ಮಧ್ಯಾಹ್ನ ಕೂತಿದ್ದೆ. ಅವರು ಪರದೆಯತ್ತ ಬಾಗಿ, “ಸಾರ್, ಈ ಗುಂಡಿ ಮೇಲೆ ಏನು ಬರೆದಿದೆ? ಕೆಳಗಿನ ಅರ್ಧ ಕಾಣ್ತಾನೇ ಇಲ್ವಲ್ಲ” ಅಂದರು. ಗುಂಡಿಯ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಹೊಂದುವಂತಿತ್ತು. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿದು ಕತ್ತರಿಸಿಹೋಗಿತ್ತು. ಅನುವಾದದ ತಾಣದಲ್ಲಿ ಅದೇ ಸ್ಟ್ರಿಂಗ್ ಪೂರ್ಣಗೊಂಡ ಹಸಿರು ಬಣ್ಣದಲ್ಲಿ ಇದ್ದಿರಬೇಕು. ಅಲ್ಲಿ ಅದು ಸರಿಯಾಗಿಯೇ ಇತ್ತು. ಇಂಥ ದೋಷ ಕಂಡಾಗ ಪರದೆಯ ಚಿತ್ರ ತೆಗೆದು ತಂತ್ರಾಂಶದ ತಂಡಕ್ಕೆ ಬಗ್ ಎಂದು ವರದಿ ಮಾಡಬೇಕು. ವರದಿ ಹೋಗದಿದ್ದರೆ ಕನ್ನಡ ಓದಲು ಬಾರದ ಅಭಿವೃದ್ಧಿಗಾರರಿಗೆ ಅದು ತಿಳಿಯುವ ದಾರಿಯೇ ಇಲ್ಲ.

ಇನ್ನು ಶೇಕಡಾವಾರು ಅಂಕಿಯ ವಿಷಯ. ‘ನಮ್ಮದು ನೂರಕ್ಕೆ ನೂರು ಮುಗಿಯಿತು’ ಎಂದು ತಂಡಗಳು ಸಂಭ್ರಮಿಸುವುದು ಸಹಜ. ಆದರೆ ತಂತ್ರಾಂಶ ನಿಂತ ನೀರಲ್ಲ. ಗ್ನೋಮ್ ಡೆಸ್ಕ್‌ಟಾಪ್ ಆರು ತಿಂಗಳಿಗೊಮ್ಮೆ, ಫೈರ್‌ಫಾಕ್ಸ್ ಸುಮಾರು ನಾಲ್ಕು ವಾರಕ್ಕೊಮ್ಮೆ ಹೊಸ ಆವೃತ್ತಿ ತರುತ್ತವೆ. ಪ್ರತಿ ಸಲವೂ ಒಂದಷ್ಟು ಸ್ಟ್ರಿಂಗ್ ಹೊಸದಾಗಿ ಸೇರುತ್ತವೆ, ಒಂದಷ್ಟು ಬದಲಾಗುತ್ತವೆ. ಲಿನಕ್ಸ್ ಲೋಕದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಗೆಟ್‌ಟೆಕ್ಸ್ಟ್ ವ್ಯವಸ್ಥೆ, ಮೂಲ ಇಂಗ್ಲಿಷ್ ಸಾಲು ಸ್ವಲ್ಪ ಬದಲಾದರೂ ಹಳೆಯ ಅನುವಾದಕ್ಕೆ ‘ಫಜಿ’ ಎಂಬ ಗುರುತು ಹಾಕುತ್ತದೆ. ಯಾರಾದರೂ ಅದನ್ನು ನೋಡಿ ಸರಿಪಡಿಸುವ ತನಕ ಬಳಕೆದಾರರಿಗೆ ಕಾಣುವುದು ಇಂಗ್ಲಿಷೇ. ಗ್ನೋಮ್ ಒಂದು ಭಾಷೆಯನ್ನು ಬೆಂಬಲಿತ ಎಂದು ಪರಿಗಣಿಸಲು ಕನಿಷ್ಠ ಶೇ. 80ರಷ್ಟು ಅನುವಾದ ಕೇಳುತ್ತದೆ. ತಂಡದವರು ಕೆಲಸ, ಮದುವೆ, ಮಕ್ಕಳು ಎಂದು ಚದುರಿದರೆ ಆ ಗಡಿಯಿಂದ ಕೆಳಗೆ ಜಾರಲು ಹೆಚ್ಚು ದಿನ ಬೇಕಿಲ್ಲ. ಒಂದೇ ವಾರಾಂತ್ಯದ ಸಡಗರದ ಅನುವಾದ ಶಿಬಿರಕ್ಕಿಂತ, ತಿಂಗಳಿಗೆರಡು ಸಂಜೆ ತಪ್ಪದೆ ಕೂರುವ ಮೂರು ಜನ ಹೆಚ್ಚು ಬಾಳುತ್ತಾರೆ ಎಂಬುದು ನನಗೆ ದಿಟವಾದದ್ದು ಹೀಗೆ.

ಆ ಮೂವರಲ್ಲಿ ಒಬ್ಬರಾದರೂ ಪರಿಶೀಲಕರಾಗಿರಬೇಕು. ಪೊಂಟೂನ್‌ನಲ್ಲಿ ಹೊಸಬರು ಬರೆದದ್ದು ಸಲಹೆಯಾಗಿ ಮಾತ್ರ ಉಳಿಯುತ್ತದೆ. ಅಧಿಕಾರವಿರುವವರು ಒಪ್ಪಿದ ಮೇಲೆಯೇ ಬ್ರೌಸರಿಗೆ ಸೇರುತ್ತದೆ. ಉತ್ಸಾಹದಿಂದ ಬಂದ ಕಾಲೇಜು ಹುಡುಗಿಯೊಬ್ಬಳ ಸಲಹೆಗಳು ತಿಂಗಳುಗಟ್ಟಲೆ ಯಾರೂ ಮುಟ್ಟದೆ ಬಿದ್ದಿದ್ದರೆ ಅವಳು ಮತ್ತೆ ಬರುವುದಿಲ್ಲ. ಒಂದು ವಾರದೊಳಗೆ ಒಪ್ಪಿಗೆಯೋ, ಕಾರಣ ಸಹಿತ ತಿದ್ದುಪಡಿಯೋ ಸಿಕ್ಕವರು ಉಳಿಯುತ್ತಾರೆ. ಈಗ ಯಂತ್ರಾನುವಾದದ ಸಲಹೆ ಪಕ್ಕದಲ್ಲೇ ಮೂಡುವುದರಿಂದ ಪರಿಶೀಲಕರ ಹೊಣೆ ಇನ್ನೂ ಹೆಚ್ಚಿದೆ. ಯಂತ್ರ ಕೊಟ್ಟದ್ದನ್ನು ಒತ್ತಿ ಮುಂದೆ ಹೋಗುವುದು ತೀರಾ ಸುಲಭ.

ಓದುಗರಲ್ಲಿ ಒಂದು ಕೋರಿಕೆ. ಅನುವಾದಕ್ಕೆ ಇಳಿಯುವ ಮೊದಲು ನಿಮ್ಮ ಫೋನಿನ ಫೈರ್‌ಫಾಕ್ಸನ್ನೋ ಕಂಪ್ಯೂಟರಿನ ಲಿಬ್ರೆಆಫೀಸನ್ನೋ ಕನ್ನಡಕ್ಕೆ ಬದಲಿಸಿ ಒಂದು ತಿಂಗಳು ಬಳಸಿ. ಭಾಷೆ ಬದಲಿಸುವ ಆಯ್ಕೆ ಎರಡರ ಸೆಟ್ಟಿಂಗ್‌ಗಳಲ್ಲೂ ಇದೆ. ಎಲ್ಲಿ ಅರ್ಥವಾಗಲಿಲ್ಲವೋ, ಎಲ್ಲಿ ಒತ್ತಕ್ಷರ ತುಂಡಾಯಿತೋ, ಎಲ್ಲಿ ಇಂಗ್ಲಿಷ್ ಇಣುಕಿತೋ ಬರೆದಿಟ್ಟುಕೊಳ್ಳಿ. ಆ ಪಟ್ಟಿ ಹಿಡಿದು ಪೊಂಟೂನ್‌ಗೋ ವೆಬ್ಲೇಟ್‌ಗೋ ಬನ್ನಿ. ಕನ್ನಡದ ತಂಡಗಳಿಗೆ ಇವತ್ತು ಎಲ್ಲಕ್ಕಿಂತ ಹೆಚ್ಚು ಬೇಕಾಗಿರುವುದು ಅಂಥ ಪಟ್ಟಿಗಳೇ.